ಬಿಎಂಸಿಗೆ ಕೆಪ್ಯಾಸಿಟರ್: ದರ ಕೇಳುವ ಮೊದಲು ಬಿಲ್ ಓದೋಣ



ಈ ತಿಂಗಳು ಕೆಚ್ಚಲು ಬಾವಿನ ಎರಡನೇ ಭಾಗ ಬರೆಯಬೇಕಿತ್ತು. ಅದನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇನೆ. ದನದ ಡಾಕ್ಟರಿಗೆ ಕರೆಂಟಿನ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ಕಾರಣ ಇದೆ, ಅದರಲ್ಲಿ ನನ್ನ ತಪ್ಪೂ ಸ್ವಲ್ಪ ಇದೆ.

ನನ್ನ ವ್ಯಾಪ್ತಿಯ ಒಂದು ಮಹಿಳಾ ಸಂಘದಲ್ಲಿ ಬಂಜೆತನ ಚಿಕಿತ್ಸಾ ಶಿಬಿರ ಮುಗಿಸಿ ಕೈ ತೊಳೆಯುತ್ತಿದ್ದೆ. ಆಗ ಒಬ್ಬ ಮಾರಾಟಗಾರ ಬಂದು, ಬಿಎಂಸಿ ಕೊಠಡಿಯಲ್ಲಿ ಒಂದು ಪೆಟ್ಟಿಗೆ ಇಟ್ಟು, 'ಇದನ್ನು ಹಾಕಿಸಿದರೆ ಬಿಲ್ಲಿನಲ್ಲಿ ದಂಡ ಬರುವುದಿಲ್ಲ, ಕರೆಂಟೂ ಕಾಲು ಭಾಗ ಉಳಿಯುತ್ತದೆ' ಎಂದ. ಬೆಲೆ 18,000 ರೂಪಾಯಿ. ಕಾರ್ಯದರ್ಶಿ ನನ್ನ ಮುಖ ನೋಡಿದರು. ನಾನು ಆತುರದಲ್ಲಿದ್ದೆ, ಇನ್ನೊಂದು ಊರಿನಲ್ಲಿ ಕರು ಅಡ್ಡ ಸಿಕ್ಕಿಕೊಂಡ ಎಮ್ಮೆ ಕಾಯುತ್ತಿತ್ತು. 'ಒಳ್ಳೆಯದೇ ಇರಬೇಕು, ನೋಡಿ' ಎಂದು ಹೇಳಿ ಬೈಕ್ ಹತ್ತಿದೆ. ಡಾಕ್ಟರಮ್ಮನೇ ಹೇಳಿದರು ಎಂದು ಅವರು ಕೊಂಡರು. ನಾಲ್ಕು ತಿಂಗಳು ಕಳೆದರೂ ದಂಡ ಒಂದು ರೂಪಾಯಿಯೂ ಇಳಿಯಲಿಲ್ಲ. ಎಲೆಕ್ಟ್ರಿಷಿಯನ್ ಪೆಟ್ಟಿಗೆ ಬಿಚ್ಚಿದಾಗ ಒಳಗೆ ಎರಡು ಬಣ್ಣದ ದೀಪ ಮತ್ತು ಅಂಗೈಯಲ್ಲಿ ಮುಚ್ಚುವಷ್ಟು ಒಂದು ಕೆಪ್ಯಾಸಿಟರ್ ಇತ್ತು. ಅದೂ ಮೂರು ಫೇಸಿನಲ್ಲಿ ಒಂದಕ್ಕೆ ಮಾತ್ರ ಜೋಡಿಸಿತ್ತು. ಆ ಹಣ ವರ್ಷಾಂತ್ಯದ ಬೋನಸ್ಸಿಗೆ ಸೇರಬೇಕಾದದ್ದು. ಆಮೇಲೆ ನಾನು ಕೂತು ಬಿಲ್ ಓದುವುದನ್ನು ಕಲಿತೆ. ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ವಿಷಯ ಏನೆಂದು ನೋಡೋಣ. ಎಮ್ಮೆ ಸೊರೆ ಬಿಡಬೇಕಾದರೆ ಕರು ಪಕ್ಕದಲ್ಲಿರಬೇಕು. ಕರುವನ್ನು ನಾವು ಮಾರುವುದಿಲ್ಲ, ಡೇರಿಯಲ್ಲಿ ಅಳೆಯುವುದಿಲ್ಲ, ಆದರೆ ಅದಿಲ್ಲದೆ ಹಾಲು ಇಳಿಯುವುದಿಲ್ಲ. ಬಿಎಂಸಿಯ ಕಂಪ್ರೆಸರ್ ಮೋಟಾರ್ ಕೂಡ ಹಾಗೆಯೇ. ಅದು ಎಳೆಯುವ ಕರೆಂಟಿನಲ್ಲಿ ಒಂದು ಭಾಗ ಹಾಲು ತಣ್ಣಗೆ ಮಾಡುವ ನಿಜವಾದ ಕೆಲಸಕ್ಕೆ ಹೋಗುತ್ತದೆ. ಇನ್ನೊಂದು ಭಾಗ ಮೋಟಾರಿನೊಳಗೆ ಕಾಂತಶಕ್ತಿ ಎಬ್ಬಿಸುವುದಕ್ಕೆ ಬೇಕು. ಅದು ಖರ್ಚಾಗುವುದಿಲ್ಲ, ಹೋಗಿ ಬಂದು ಮಾಡುತ್ತಿರುತ್ತದೆ. ಇದನ್ನೇ ರಿಯಾಕ್ಟಿವ್ ಪವರ್ ಎನ್ನುತ್ತಾರೆ. ಪ್ರತಿ ಸಲವೂ ಅದು ಟ್ರಾನ್ಸ್‌ಫಾರ್ಮರಿನಿಂದ ನಿಮ್ಮ ಕೊಠಡಿಯವರೆಗೆ ತಂತಿಯಲ್ಲೇ ಓಡಾಡಬೇಕು. ಹಾಲು ಹಿಂಡುವಾಗಲೆಲ್ಲ ಕರುವನ್ನು ದೂರದ ಹೊಲದಿಂದ ಹೊಡೆದುಕೊಂಡು ಬಂದಂತೆ. ಕೆಪ್ಯಾಸಿಟರ್ ಎಂದರೆ ಕರುವನ್ನು ಕೊಟ್ಟಿಗೆಯಲ್ಲೇ ಕಟ್ಟಿಕೊಂಡಂತೆ. ಮೋಟಾರಿಗೆ ಬೇಕಾದ ಆ ಭಾಗವನ್ನು ಅದು ಪಕ್ಕದಲ್ಲೇ ನಿಂತು ಒದಗಿಸುತ್ತದೆ, ತಂತಿಯ ಭಾರ ಇಳಿಯುತ್ತದೆ.

ಎಳೆದ ಒಟ್ಟು ಶಕ್ತಿಯಲ್ಲಿ ನಿಜವಾದ ಕೆಲಸದ ಪಾಲು ಎಷ್ಟು ಎಂಬ ಸಂಖ್ಯೆಯೇ ಪವರ್ ಫ್ಯಾಕ್ಟರ್, ಬಿಲ್ಲಿನಲ್ಲಿ ಪಿ.ಎಫ್. ಅದು 1 ಆದರೆ ಪೂರ್ತಿ ಕೆಲಸ. 0.72 ಎಂದರೆ, 72 ಪಾಲು ಕೆಲಸ ಪಡೆಯಲು 100 ಪಾಲು ಹೊರುವಷ್ಟು ತಂತಿ ಬೇಕು ಎಂದರ್ಥ.

ಬಿಲ್ಲಿನಲ್ಲಿ ಏನು ನೋಡಬೇಕು

ಸಂಘದ ಕಳೆದ ಹನ್ನೆರಡು ತಿಂಗಳ ಬಿಲ್ ತೆಗೆದು ನೆಲದ ಮೇಲೆ ಸಾಲಾಗಿ ಹರಡಿ. ಒಂದೇ ಬಿಲ್ ಸಾಲದು, ಬೇಸಿಗೆಯಲ್ಲಿ ಕಂಪ್ರೆಸರ್ ಓಡುವ ಹೊತ್ತು ಬೇರೆ, ಚಳಿಗಾಲದಲ್ಲಿ ಬೇರೆ. ಪ್ರತಿ ಬಿಲ್ಲಿನಲ್ಲಿ ಮೂರು ಅಂಕಿ ಗುರುತು ಮಾಡಿ: ಬಳಸಿದ ಯೂನಿಟ್, ಪಿ.ಎಫ್., ಪಿ.ಎಫ್. ದಂಡದ ಮೊತ್ತ. ಸಂಘದ ಪಾಸ್ ಪುಸ್ತಕದಲ್ಲಿ ಡಿಗ್ರಿ, ಫ್ಯಾಟು, ಎಸ್‌ಎನ್‌ಎಫ್ ನೋಡಿ ತಪ್ಪು ಹಿಡಿಯುವವರಿಗೆ ಇದು ದೊಡ್ಡ ಕೆಲಸವಲ್ಲ.

ದಂಡದ ಲೆಕ್ಕ ಹೀಗಿದೆ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ದರ ಆದೇಶಗಳಲ್ಲಿ ಎಲ್‌ಟಿ ಸಂಪರ್ಕಕ್ಕೆ ನಿಗದಿ ಮಾಡಿದ ಪಿ.ಎಫ್. 0.85. ಅದಕ್ಕಿಂತ 0.01 ಇಳಿದಂತೆಲ್ಲ ಯೂನಿಟ್ಟಿಗೆ 3 ಪೈಸೆ ಸೇರುತ್ತದೆ, ಎಲ್‌ಟಿಯಲ್ಲಿ ಅದಕ್ಕೆ ಯೂನಿಟ್ಟಿಗೆ 30 ಪೈಸೆಯ ಮಿತಿ ಇದೆ. ದರ ಆದೇಶ ಕಾಲಕಾಲಕ್ಕೆ ಹೊಸದಾಗುತ್ತದೆ. ಹಾಗಾಗಿ ಲೆಕ್ಕ ಹಾಕುವ ಮೊದಲು ನಿಮ್ಮ ವಿದ್ಯುತ್ ಕಂಪನಿಯ ಉಪವಿಭಾಗದ ಕಚೇರಿಯಲ್ಲಿ ಚಾಲ್ತಿಯ ದರಪಟ್ಟಿ ಕೇಳಿ. ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ, ಚೆಸ್ಕಾಂ ಎಲ್ಲವೂ ಅದನ್ನು ತಮ್ಮ ಜಾಲತಾಣದಲ್ಲೂ ಹಾಕುತ್ತವೆ. ಕಾಲೇಜಿಗೆ ಹೋಗುವ ಮಗಳಿದ್ದರೆ ಐದು ನಿಮಿಷದ ಕೆಲಸ.

ಒಂದು ಲೆಕ್ಕ ಮಾಡೋಣ. ತಲಾ 5 ಎಚ್‌ಪಿಯ ಎರಡು ಕಂಪ್ರೆಸರ್ ಇರುವ ಬಿಎಂಸಿ ಎಂದಿಟ್ಟುಕೊಳ್ಳಿ. ಎರಡೂ ಓಡುವಾಗ ನಿಜವಾದ ಹೊರೆ 6 ಕಿಲೋವ್ಯಾಟ್, ದಿನಕ್ಕೆ 8 ಗಂಟೆ, ಪಿ.ಎಫ್. 0.72. ತಿಂಗಳಿಗೆ 1,440 ಯೂನಿಟ್. 0.85ಕ್ಕಿಂತ 13 ಅಂಕ ಕಡಿಮೆ, ಅಂದರೆ 39 ಪೈಸೆ ಬೀಳಬೇಕು, ಮಿತಿ ಇರುವುದರಿಂದ 30 ಪೈಸೆ. ತಿಂಗಳಿಗೆ 432 ರೂಪಾಯಿ, ವರ್ಷಕ್ಕೆ 5,184.

ಈ ಅಂಕಿಯನ್ನು ಮೊದಲು ಹಾಳೆಯಲ್ಲಿ ಬರೆದುಕೊಳ್ಳಿ. ಇದಕ್ಕಿಂತ ಹೆಚ್ಚು ಉಳಿಸಿಕೊಡುತ್ತೇನೆ ಎನ್ನುವವನ ಮಾತನ್ನು ಅಲ್ಲಿಗೇ ನಿಲ್ಲಿಸಬಹುದು. ಕೆಪ್ಯಾಸಿಟರ್ ಉಳಿಸುವುದು ಮುಖ್ಯವಾಗಿ ದಂಡವನ್ನು. ಯೂನಿಟ್ ಕಾಲು ಭಾಗ ಕಡಿಮೆಯಾಗುವುದೆಲ್ಲ ಆಗುವ ಮಾತಲ್ಲ, ಕೇಬಲ್ಲಿನ ಬಿಸಿ ತಗ್ಗಿ ಅಲ್ಪಸ್ವಲ್ಪ ಉಳಿಯಬಹುದು ಅಷ್ಟೇ. ಆ ಸಂಘದವರು 18,000 ಕೊಟ್ಟ ಪೆಟ್ಟಿಗೆ ಹೇಳಿದಂತೆಯೇ ಕೆಲಸ ಮಾಡಿದ್ದರೂ ಹಣ ಹಿಂತಿರುಗಲು ಮೂರೂವರೆ ವರ್ಷ ಬೇಕಿತ್ತು. ಆ ದಿನ ನನಗೆ ಇಷ್ಟು ಗೊತ್ತಿದ್ದಿದ್ದರೆ!

ಎಷ್ಟು ದೊಡ್ಡದು ಬೇಕು

ಕೆಪ್ಯಾಸಿಟರನ್ನು ಕೆವಿಎಆರ್ ಲೆಕ್ಕದಲ್ಲಿ ಮಾರುತ್ತಾರೆ, ಅಂಗಡಿಯವರು 'ಕೆವಾರ್' ಎನ್ನುತ್ತಾರೆ. ನಿಮಗೆ ಎಷ್ಟು ಬೇಕು ಎಂಬುದನ್ನು ಮಾರುವವನು ಹೇಳಬಾರದು, ನೀವು ಹೇಳಬೇಕು. ನನ್ನ ಮಟ್ಟಿಗೆ ಇಡೀ ಲೇಖನದ ಹುರುಳು ಇದೇ. ಹಸುವಿನ ತೂಕ ಗೊತ್ತಿಲ್ಲದೆ ಔಷಧಿಯ ಪ್ರಮಾಣ ಹೇಳಿದರೆ ನೀವು ನನ್ನನ್ನು ನಂಬುತ್ತೀರಾ?

ಪಿ.ಎಫ್. ಅನ್ನು 0.95ಕ್ಕೆ ಏರಿಸಲು, ಈಗಿನ ಪಿ.ಎಫ್. 0.65 ಇದ್ದರೆ ಪ್ರತಿ ಕಿಲೋವ್ಯಾಟ್ ಹೊರೆಗೆ 0.84 ಕೆವಿಎಆರ್ ಬೇಕು. 0.70 ಇದ್ದರೆ 0.69, 0.75 ಇದ್ದರೆ 0.55, 0.80 ಇದ್ದರೆ 0.42. ನಮ್ಮ ಉದಾಹರಣೆಯ 0.72ಕ್ಕೆ ಅದು 0.635. ಆರು ಕಿಲೋವ್ಯಾಟಿಗೆ ಗುಣಿಸಿದರೆ 3.8. ಅಂದರೆ ಒಟ್ಟು 4 ಕೆವಿಎಆರ್, ಒಂದೊಂದು ಕಂಪ್ರೆಸರಿಗೆ 2.

0.85 ಮುಟ್ಟಿದರೆ ದಂಡ ತಪ್ಪುತ್ತದಲ್ಲ, 0.95ರವರೆಗೆ ಯಾಕೆ ಎಂದು ಒಬ್ಬ ಅಧ್ಯಕ್ಷೆ ಕೇಳಿದರು. ಬಹಳ ಒಳ್ಳೆಯ ಪ್ರಶ್ನೆ. ನಮ್ಮ ಹಳ್ಳಿಗಳಲ್ಲಿ ಸಂಜೆ ಹಾಲು ಹಾಕುವ ಹೊತ್ತಿಗೆ ವೋಲ್ಟೇಜ್ ಇಳಿಯುತ್ತದೆ, ಕೆಪ್ಯಾಸಿಟರಿನ ಬಲವೂ ಅದರ ಜೊತೆ ಇಳಿಯುತ್ತದೆ, ಅದೂ ವೋಲ್ಟೇಜಿಗಿಂತ ವೇಗವಾಗಿ. 440 ವೋಲ್ಟಿಗೆ 4 ಕೆವಿಎಆರ್ ಎಂದು ಬರೆದಿರುವುದು 415 ವೋಲ್ಟಿನಲ್ಲಿ 3.56 ಕೊಡುತ್ತದೆ, 380ರಲ್ಲಿ 3, ಲೈನು 350ಕ್ಕೆ ಕುಸಿದರೆ ಎರಡೂವರೆ. ಅದಕ್ಕೇ ಸ್ವಲ್ಪ ಕೈ ಬಿಗಿ ಇಲ್ಲದೆ ಲೆಕ್ಕ ಹಾಕಬೇಕು. ಫಲಕದ ಮೇಲೆ ಕೆವಿಎಆರ್ ಜೊತೆಗೆ ಎಷ್ಟು ವೋಲ್ಟಿಗೆ ಎಂದು ಬರೆದಿರುವುದನ್ನು ನೋಡಲೇಬೇಕು ಎನ್ನುವುದೂ ಇದಕ್ಕೇ.

ಹಾಗೆಂದು ಬೇಕಾಬಿಟ್ಟಿ ದೊಡ್ಡದು ಹಾಕಿಸಬೇಡಿ. ಮೋಟಾರಿಗೆ ನೇರ ಜೋಡಿಸುವ ಕೆಪ್ಯಾಸಿಟರ್, ಆ ಮೋಟಾರ್ ಹೊರೆಯಿಲ್ಲದೆ ತಿರುಗುವಾಗ ಎಳೆಯುವ ಕಾಂತಶಕ್ತಿಯ ಭಾಗದ ಶೇ. 90 ಮೀರಬಾರದು ಎಂಬುದು ಎಂಜಿನಿಯರುಗಳು ಪಾಲಿಸುವ ನಿಯಮ. 5 ಎಚ್‌ಪಿ ಮೋಟಾರಿಗೆ 2 ಕೆವಿಎಆರ್ ಸಾಮಾನ್ಯವಾಗಿ ಹೊಂದುವ ಅಳತೆ. ಬಿಎಂಸಿಯ ಕಂಪ್ರೆಸರ್ ಮೊಹರು ಮಾಡಿದ ಯಂತ್ರವಾದ್ದರಿಂದ, ಅದನ್ನು ಸರಬರಾಜು ಮಾಡಿದವರಿಂದ ಅಥವಾ ನಿರ್ವಹಣಾ ಒಪ್ಪಂದ ಇರುವವರಿಂದ 'ಇಷ್ಟು ಹಾಕಬಹುದು' ಎಂದು ಬರವಣಿಗೆಯಲ್ಲಿ ಪಡೆಯಿರಿ. ಇಲ್ಲದಿದ್ದರೆ ನಾಳೆ ಕಂಪ್ರೆಸರ್ ಸುಟ್ಟಾಗ ಎಲ್ಲರೂ ಕೆಪ್ಯಾಸಿಟರಿನತ್ತ ಬೆರಳು ತೋರಿಸುತ್ತಾರೆ.

ಇನ್ನೊಂದು ಗೊಂದಲ. ಮೇವು ಕತ್ತರಿಸುವ ಯಂತ್ರ, ಹಾಲು ಕರೆಯುವ ಯಂತ್ರಗಳ ಸಿಂಗಲ್ ಫೇಸ್ ಮೋಟಾರಿನ ಮೇಲೆ ಒಂದು ಪುಟ್ಟ ಡಬ್ಬಿ ಕೂತಿರುತ್ತದಲ್ಲ, ಅದೂ ಕೆಪ್ಯಾಸಿಟರೇ. ಆದರೆ ಅದು ಮೋಟಾರನ್ನು ಶುರು ಮಾಡಲು ಮತ್ತು ಓಡಿಸಲು ಇರುವುದು, ಮೈಕ್ರೋಫ್ಯಾರಡ್ ಲೆಕ್ಕದಲ್ಲಿ ಸಿಗುತ್ತದೆ. ಅಂಗಡಿಯಲ್ಲಿ 'ಕೆಪ್ಯಾಸಿಟರ್ ಕೊಡಿ' ಎಂದಷ್ಟೇ ಕೇಳಿದರೆ ಇದನ್ನೇ ಕೊಟ್ಟು ಕಳಿಸುತ್ತಾರೆ.

ದರ ಮತ್ತು ವಿವರ ಎಲ್ಲಿ ಸಿಗುತ್ತದೆ

ಮೂರು ಕಡೆ ಹುಡುಕಿ, ಮೂರನ್ನೂ ಹೋಲಿಸಿ. ತಯಾರಕ ಕಂಪನಿಗಳು ಮುದ್ರಿತ ದರಪಟ್ಟಿ ಮತ್ತು ತಾಂತ್ರಿಕ ಕೈಪಿಡಿ ಹೊರಡಿಸುತ್ತವೆ, ಎರಡೂ ಪುಕ್ಕಟೆ. ತಾಲ್ಲೂಕು ಕೇಂದ್ರದ ವಿದ್ಯುತ್ ಸಾಮಾನಿನ ಡೀಲರ್ ಬಳಿ ಇರುತ್ತದೆ. ಆದರೆ ನೆನಪಿಡಿ, ಪಟ್ಟಿಯಲ್ಲಿ ಅಚ್ಚಾದ ಬೆಲೆಯೇ ಕೊಡುವ ಬೆಲೆಯಲ್ಲ. ಅದರ ಮೇಲೆ ಡೀಲರ್ ರಿಯಾಯಿತಿ ಕೊಡುತ್ತಾನೆ, ಕೇಳಿದರೆ ಮಾತ್ರ. ಎರಡನೆಯದು ಸರ್ಕಾರದ ಇ-ಮಾರುಕಟ್ಟೆಯಾದ ಜೆಮ್ ಜಾಲತಾಣ. ಸಂಘ ಅಲ್ಲಿ ಕೊಳ್ಳದಿದ್ದರೂ ಅದೇ ಅಳತೆಯ ಕೆಪ್ಯಾಸಿಟರ್ ಎಷ್ಟಕ್ಕೆ ಸಿಗುತ್ತಿದೆ ಎಂದು ಯಾರು ಬೇಕಾದರೂ ನೋಡಬಹುದು. ಮೂರನೆಯದು ಲೋಕೋಪಯೋಗಿ ಇಲಾಖೆಯ ವಿದ್ಯುತ್ ಕಾಮಗಾರಿಗಳ ದರಪಟ್ಟಿ. ಜೋಡಿಸುವ ಕೂಲಿಯೂ ಸೇರಿ ಎಷ್ಟಾಗಬೇಕು ಎಂಬ ಅಂದಾಜಿಗೆ ಅದು ಒಳ್ಳೆಯ ಅಳತೆಗೋಲು. ಒಕ್ಕೂಟದ ಎಂಜಿನಿಯರಿಂಗ್ ವಿಭಾಗದವರಿಗೆ ಈ ಪಟ್ಟಿಗಳ ಪರಿಚಯ ಇರುತ್ತದೆ. ಅವರನ್ನು ಕೇಳಲು ಸಂಕೋಚ ಬೇಡ, ಅವರಿರುವುದೇ ಅದಕ್ಕೆ.

ಅಂಗಡಿಗೆ ಬಾಯಿಮಾತಿನಲ್ಲಿ ಕೇಳಬೇಡಿ. ಸಂಘದ ಲೆಟರ್‌ಹೆಡ್ಡಿನಲ್ಲಿ, ಒಂದೇ ಒಕ್ಕಣೆಯ ಪತ್ರವನ್ನು ಮೂವರಿಗೆ ಕೊಡಿ. ಒಕ್ಕಣೆ ಹೀಗಿರಲಿ:

'ನಮ್ಮ ಬಿಎಂಸಿಯ ಎರಡು 5 ಎಚ್‌ಪಿ ಕಂಪ್ರೆಸರುಗಳಿಗೆ 2 ಕೆವಿಎಆರ್, 440 ವೋಲ್ಟ್, 3 ಫೇಸ್, 50 ಹರ್ಟ್ಜ್‌ನ ಹೆವಿ ಡ್ಯೂಟಿ ಕೆಪ್ಯಾಸಿಟರ್ 2 ಬೇಕಾಗಿವೆ. ಐಎಸ್ 13340 ಪ್ರಕಾರ ಐಎಸ್‌ಐ ಗುರುತು ಮತ್ತು ಒಳಗೆ ಡಿಸ್ಚಾರ್ಜ್ ರೆಸಿಸ್ಟರ್ ಇರಬೇಕು. ತಯಾರಕರ ತಾಂತ್ರಿಕ ವಿವರಪತ್ರ ಲಗತ್ತಿಸಿ. ಕೆಪ್ಯಾಸಿಟರ್ ಬೆಲೆ, ಕಾಂಟ್ಯಾಕ್ಟರ್, ಫ್ಯೂಸ್ ಮತ್ತು ಕೇಬಲ್ ಬೆಲೆ, ಜೋಡಣೆಯ ಕೂಲಿ, ಜಿಎಸ್‌ಟಿ, ಸಾಗಣೆ ಇವನ್ನು ಬೇರೆ ಬೇರೆಯಾಗಿ ನಮೂದಿಸಿ. ವಾರಂಟಿ ಎಷ್ಟು ತಿಂಗಳು, ಕೆಟ್ಟರೆ ಬದಲಿ ಎಷ್ಟು ದಿನದಲ್ಲಿ ಎಂದು ತಿಳಿಸಿ.'

ಈ ಪತ್ರ ಕೊಟ್ಟಾಗ ಒಬ್ಬ ಡೀಲರ್ 'ಅಮ್ಮಾ, ಇದನ್ನೆಲ್ಲ ಯಾರು ಬರೆದುಕೊಟ್ಟರು' ಎಂದನಂತೆ. 'ನಾವೇ' ಎಂದು ಹೇಳಿ ಬಂದಿದ್ದಾರೆ ನಮ್ಮ ಕಾರ್ಯದರ್ಶಿ.

ದರ ಬಂದ ಮೇಲೆ ಕೆಪ್ಯಾಸಿಟರ್ ಬೆಲೆಯನ್ನು ಕೆವಿಎಆರ್ ಸಂಖ್ಯೆಯಿಂದ ಭಾಗಿಸಿ. ಒಬ್ಬ 3 ಕೆವಿಎಆರ್ ಬರೆದಿರುತ್ತಾನೆ, ಇನ್ನೊಬ್ಬ 2. ಒಬ್ಬ 415 ವೋಲ್ಟಿನದು, ಇನ್ನೊಬ್ಬ 440ರದು. ಒಂದು ಕೆವಿಎಆರಿಗೆ ಎಷ್ಟು ರೂಪಾಯಿ ಎಂದು ಇಳಿಸಿದರೆ ಮಾತ್ರ ಹೋಲಿಕೆ ಸರಿಯಾಗುತ್ತದೆ, ಪಶು ಆಹಾರವನ್ನು ಮೂಟೆ ಲೆಕ್ಕದಲ್ಲಿ ಅಲ್ಲ, ಕೆಜಿ ಲೆಕ್ಕದಲ್ಲಿ ಹೋಲಿಸುವಂತೆ. ಸ್ಟ್ಯಾಂಡರ್ಡ್ ಡ್ಯೂಟಿಯದು ಅಗ್ಗ, ಹೆವಿ ಡ್ಯೂಟಿಯದು ತುಸು ದುಬಾರಿ. ಬಿಎಂಸಿ ಕೊಠಡಿ ಬೇಸಿಗೆಯಲ್ಲಿ ಹೇಗೆ ಕಾಯುತ್ತದೆ ಎಂದು ನಿಮಗೆ ಗೊತ್ತು, ಕಂಪ್ರೆಸರಿನ ಬಿಸಿಗಾಳಿಯೂ ಅಲ್ಲೇ ಸುತ್ತುತ್ತದೆ. ಕೆಪ್ಯಾಸಿಟರಿಗೆ ಶಾಖವೇ ದೊಡ್ಡ ಶತ್ರು. ಅದಕ್ಕೇ ನಾನು ಹೆವಿ ಡ್ಯೂಟಿಗೇ ಹೋಗಿ ಎನ್ನುತ್ತೇನೆ, ಜೊತೆಗೆ ಬಿಸಿಗಾಳಿ ತಾಗದ ಗೋಡೆಗೆ ಕೂರಿಸಿ. ವಿವರಪತ್ರದಲ್ಲಿ ಉಷ್ಣತೆಯ ವರ್ಗ ನೋಡಿ, 'ಡಿ' ಎಂದಿದ್ದರೆ ಸುತ್ತಲಿನ ಗಾಳಿ 55 ಡಿಗ್ರಿ ಸೆಲ್ಸಿಯಸ್‌ವರೆಗೆ ಏರಿದರೂ ತಡೆಯುತ್ತದೆ. ಐಎಸ್‌ಐ ಗುರುತಿನ ಕೆಳಗಿರುವ ಪರವಾನಗಿ ಸಂಖ್ಯೆ ನಿಜವೇ ಎಂದು ಬಿಐಎಸ್ ಕೇರ್ ಎಂಬ ಆ್ಯಪ್‌ನಲ್ಲಿ ಹಾಕಿ ನೋಡಬಹುದು. ಬರೀ ಅಂಟಿಸಿದ ಚೀಟಿಗೆ ಮರುಳಾಗಬೇಡಿ.

ಕೊನೆಗೆ ಹಣ ಎಷ್ಟು ತಿಂಗಳಲ್ಲಿ ವಾಪಸ್ ಬರುತ್ತದೆ ಎಂದು ನೋಡಿ. ಲೆಕ್ಕಕ್ಕಾಗಿ, ಜೋಡಣೆ ಸೇರಿ ಒಟ್ಟು 4,000 ರೂಪಾಯಿ ಎಂದು ಹಿಡಿದರೆ, ತಿಂಗಳಿಗೆ 432ರಂತೆ ಒಂಬತ್ತೂವರೆ ತಿಂಗಳೊಳಗೆ ಬಂತು. ನಿಮಗೆ ಬಂದ ನಿಜವಾದ ದರ ಹಾಕಿ ಇದೇ ಭಾಗಾಕಾರ ಮಾಡಿ. ಎರಡು ವರ್ಷ ಮೀರಿದರೆ ಮತ್ತೊಮ್ಮೆ ಯೋಚಿಸಿ. ಐವತ್ತು ಸಾವಿರದ ಸ್ವಯಂಚಾಲಿತ ಪ್ಯಾನೆಲ್ ಹಾಕಿಸಿ ಎಂದು ಯಾರಾದರೂ ಹೇಳಿದರೆ, ಅದು ಹಲವು ಮೋಟಾರು ಏರುಪೇರಾಗಿ ಓಡುವ ಶೀತಲೀಕರಣ ಕೇಂದ್ರಕ್ಕೆ ಸರಿ, ಎರಡು ಕಂಪ್ರೆಸರಿನ ಸಂಘಕ್ಕಲ್ಲ.

ಜೋಡಿಸುವಾಗ

ಪರವಾನಗಿ ಇರುವ ಎಲೆಕ್ಟ್ರಿಷಿಯನ್ನೇ ಜೋಡಿಸಬೇಕು. ಕಂಪ್ರೆಸರ್ ನಿಂತಾಗ ಅದರ ಕೆಪ್ಯಾಸಿಟರೂ ತಾನಾಗಿ ಕಳಚಿಕೊಳ್ಳುವಂತೆ ಜೋಡಿಸಿದ್ದಾನೆಯೇ ಎಂದು ಎದುರಿಗೇ ಓಡಿಸಿ ತೋರಿಸಲು ಹೇಳಿ. ಇದು ಜನರೇಟರ್ ಇರುವ ಸಂಘಗಳಿಗೆ ಬಹಳ ಮುಖ್ಯ. ಕರೆಂಟ್ ಹೋಗಿ ಜನರೇಟರ್ ಓಡುವಾಗ, ಮೋಟಾರ್ ನಿಂತಿದ್ದು ಕೆಪ್ಯಾಸಿಟರ್ ಮಾತ್ರ ಲೈನಿನಲ್ಲಿ ಉಳಿದರೆ ವೋಲ್ಟೇಜ್ ಏರಿ, ಹಾಲು ಪರೀಕ್ಷೆಯ ಯಂತ್ರ, ಕಂಪ್ಯೂಟರ್, ತೂಕದ ಯಂತ್ರ ಎಲ್ಲಕ್ಕೂ ಅಪಾಯ.

ಇನ್ನು ಜೀವದ ಮಾತು. ಸ್ವಿಚ್ ಆರಿಸಿದ ಮೇಲೂ ಕೆಪ್ಯಾಸಿಟರಿನೊಳಗೆ ಕರೆಂಟ್ ಸ್ವಲ್ಪ ಹೊತ್ತು ಕೂತಿರುತ್ತದೆ. ಡಿಸ್ಚಾರ್ಜ್ ರೆಸಿಸ್ಟರ್ ಅದನ್ನು ಇಳಿಸುತ್ತದೆ, ಆದರೆ ಅದೇ ಕೆಟ್ಟಿದ್ದರೆ? ಬಿಎಂಸಿ ತೊಳೆಯುವವರು ಪೆಟ್ಟಿಗೆಯ ಮೇಲೆ ನೀರು ಎರಚಬಾರದು, ಮುಚ್ಚಳ ತೆಗೆಯಬಾರದು. ಎಲೆಕ್ಟ್ರಿಷಿಯನ್ ಕೂಡ ಆರಿಸಿ ಕನಿಷ್ಠ ಐದು ನಿಮಿಷ ಬಿಟ್ಟು, ಪರೀಕ್ಷಿಸಿಯೇ ಮುಟ್ಟಬೇಕು. ಡಬ್ಬಿ ಉಬ್ಬಿದ್ದರೆ, ಎಣ್ಣೆ ಜಿನುಗಿದ್ದರೆ ಆ ಕ್ಷಣವೇ ಮೈನ್ ಆರಿಸಿ ಕರೆಯಿರಿ.

ಮನೆಗೆ ಬೇಕೇ, ಪಂಪ್‌ಸೆಟ್ಟಿಗೆ ಬೇಕೇ?

ಮನೆಗೆ ಬೇಡ. ಮನೆಯ ಬಿಲ್ ಯೂನಿಟ್ ಮೇಲೆ ಬರುತ್ತದೆ, ಅಲ್ಲಿ ಪಿ.ಎಫ್. ದಂಡದ ಮಾತಿಲ್ಲ. ಪ್ಲಗ್ಗಿಗೆ ಸಿಕ್ಕಿಸುವ 'ಪವರ್ ಸೇವರ್' ಡಬ್ಬಿಗಳನ್ನು ಸಂತೆಯಲ್ಲಿ, ಮನೆ ಬಾಗಿಲಲ್ಲಿ ಮಾರುತ್ತಾರೆ. ಗಂಡಸರು ಮನೆಯಲ್ಲಿಲ್ಲದ ಹೊತ್ತು ನೋಡಿಯೇ ಬರುತ್ತಾರೆ. ಕೊಳ್ಳಬೇಡಿ. ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುವ ಮನೆಗೂ ಅದನ್ನು ಮಾರಿ ಹೋದದ್ದನ್ನು ನಾನೇ ಕಂಡಿದ್ದೇನೆ!

ಪಂಪ್‌ಸೆಟ್ಟಿನ ವಿಷಯ ಬೇರೆ. ನಮ್ಮ ರಾಜ್ಯದಲ್ಲಿ 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್ಟಿಗೆ ವಿದ್ಯುತ್ ಉಚಿತ, ಹಾಗಾಗಿ ಕೆಪ್ಯಾಸಿಟರ್ ಹಾಕಿದರೆ ನಿಮ್ಮ ಜೇಬಿಗೆ ನೇರವಾಗಿ ಏನೂ ಬರುವುದಿಲ್ಲ. ಆದರೆ ಮೇಲಿನ ಉದಾಹರಣೆಯನ್ನೇ ನೋಡಿ. ಅದೇ 6 ಕಿಲೋವ್ಯಾಟ್ ಕೆಲಸಕ್ಕೆ 0.72ರಲ್ಲಿ 11.6 ಆಂಪಿಯರ್ ಬೇಕಿತ್ತು, 0.95ರಲ್ಲಿ 8.8 ಸಾಕು. ಒಂದೇ ಟ್ರಾನ್ಸ್‌ಫಾರ್ಮರಿನ ಮೇಲೆ ಹದಿನೈದು ಮೋಟಾರ್ ಇದ್ದು ಎಲ್ಲರೂ ಹಾಕಿಸಿದರೆ ಅದರ ಮೇಲಿನ ಹೊರೆ ಎಷ್ಟು ಇಳಿಯುತ್ತದೆ ಎಂದು ನೀವೇ ಊಹಿಸಿ. ಬೇಸಿಗೆಯಲ್ಲಿ ಟ್ರಾನ್ಸ್‌ಫಾರ್ಮರ್ ಸುಟ್ಟು ನೇಪಿಯರ್ ಹುಲ್ಲು ಒಣಗುವುದು, ಹಸಿ ಮೇವಿಲ್ಲದೆ ಹಾಲು ಇಳಿಯುವುದು ನಮಗೇನು ಹೊಸದೇ? ಒಬ್ಬರು ಹಾಕಿದರೆ ಫಲ ಕಾಣುವುದಿಲ್ಲ, ಒಂದು ಟ್ರಾನ್ಸ್‌ಫಾರ್ಮರಿನವರೆಲ್ಲ ಕೂತು ಮಾತಾಡಬೇಕು. ಅದು ಕಷ್ಟ ಎಂದು ನನಗೂ ಗೊತ್ತು.

ಹಾಕಿಸಿದ ಮೇಲಿನ ಮೊದಲ ಪೂರ್ತಿ ತಿಂಗಳ ಬಿಲ್ಲಿನಲ್ಲಿ ಪಿ.ಎಫ್. 0.90 ದಾಟಿದೆಯೇ, ದಂಡದ ಸಾಲು ಸೊನ್ನೆಯಾಗಿದೆಯೇ ನೋಡಿ. ಆಗದಿದ್ದರೆ ಬಾಕಿ ಹಣ ಕೊಡಬೇಡಿ. ಅದಕ್ಕಾಗಿಯೇ ಕಾಲು ಭಾಗ ಹಣವನ್ನು ಆ ಬಿಲ್ ಬರುವವರೆಗೆ ತಡೆಹಿಡಿಯುವ ಷರತ್ತನ್ನು ಆದೇಶದಲ್ಲೇ ಬರೆಯಿರಿ. ಆಮೇಲೆ ಆರು ತಿಂಗಳಿಗೊಮ್ಮೆ ಎಲೆಕ್ಟ್ರಿಷಿಯನ್ ಟಾಂಗ್ ಟೆಸ್ಟರ್ ಹಿಡಿದು ಕೆಪ್ಯಾಸಿಟರಿನ ಮೂರು ತಂತಿಯ ಕರೆಂಟ್ ಅಳೆಯಲಿ. 2 ಕೆವಿಎಆರಿನದು ಹೊಸದಾಗಿದ್ದಾಗ 415 ವೋಲ್ಟಿನಲ್ಲಿ ಒಂದೊಂದು ತಂತಿಯಲ್ಲೂ ಸುಮಾರು ಎರಡೂವರೆ ಆಂಪಿಯರ್ ತೋರಿಸಬೇಕು. ಒಂದು ತಂತಿಯಲ್ಲಿ ಇಳಿದಿದ್ದರೆ ಒಳಗೆ ಒಂದು ಭಾಗ ಹೋಗಿದೆ ಎಂದೇ ಅರ್ಥ, ದಂಡ ಮತ್ತೆ ಶುರುವಾಗುವ ಮೊದಲೇ ವಾರಂಟಿಯಲ್ಲಿ ಬದಲಿಸಿಕೊಳ್ಳಿ.

ಮುಂದಿನ ತಿಂಗಳ ಶಿಬಿರಗಳಿಗೆ ಬರುವಾಗ ಹಸುವಿನ ಜೊತೆ ಸಂಘದ ಬಿಲ್ಲುಗಳನ್ನೂ ತನ್ನಿ. ಗರ್ಭ ಪರೀಕ್ಷೆ ಮುಗಿದ ಮೇಲೆ ಕೂತು ಲೆಕ್ಕ ಹಾಕೋಣ. ಈ ಸಲ ನಾನು ಆತುರ ಮಾಡುವುದಿಲ್ಲ.

ನಿಮ್ಮ ಪಶುವೈದ್ಯಾಧಿಕಾರಿ